ತಿಳಿನೀರು ಬರೋ ತನಕ

ಶೇಂಗಾ ಎಣ್ಣೆಯ ವಾಸನೆ, ಹಾಗಾದರೆ ಚಳ್ಳಕೆರೆ ಬಂತು, ಗಿರಣಿಗಳು ದಾಟಿದರೆ ಬಸ್ ಸ್ಟ್ಯಾಂಡು, ಅಲ್ಲಿ ಫೋನ್ ಬೂತು, ಮಾಡಲೋ ಬೇಡವೋ, ಬೆಳಿಗ್ಗೆ ಬೆಂಗಳೂರಿನ ಲ್ಯಾಬಿನಲ್ಲಿ ನಾನು ಮಾಡಿದ್ದೇನು, ಇಲಿಯ ಮಿದುಳಿನ ಇನ್ನೂ ಜೀವವಿದ್ದ ತೆಳುವಾದ ಹೋಳನ್ನು ಬಣ್ಣದಲ್ಲಿ ನೆನೆಸಿದೆ, ತೆಗೆದೆ, ತೊಳೆದೆ — ತೊಳೆಯುತ್ತಲೇ ಇದ್ದೆ, ಕೈ ಅಲ್ಲಿರಲಿಲ್ಲ, ಮೊಳಕಾಲ್ಮೂರಿನ ಹಿತ್ತಿಲಲ್ಲಿ ಅವ್ವನ ಪಕ್ಕ ಕೂತು ಬಣ್ಣ ಅದ್ದಿದ ರೇಷ್ಮೆ ನೂಲಿನ ಲಡಿ ಜಾಲಿಸುತ್ತಿತ್ತು, ತಿಳಿನೀರು ಬರೋ ತನಕ ಬಿಡಬ್ಯಾಡ ಕಣೇ, ಸೀರೆ ಉಟ್ಟೋರ ಮೈಗೆ ಬಣ್ಣ ಹತ್ತಿದ್ರೆ ನಮ್ಮನ್ನೇ ಬೈತಾರೆ, ಬಿಡಲಿಲ್ಲ, ಗಡಿಯಾರ ನೋಡುವಷ್ಟರಲ್ಲಿ ಹೊತ್ತು ಮೀರಿತ್ತು. ನರಗಳಲ್ಲಿ ವಿದ್ಯುತ್ತು ಏರಿಳಿದಂತೆ ಆ ಬಣ್ಣದ ಬೆಳಕೂ ಏರಿಳಿಯುತ್ತದೆ, ಕ್ಯಾಮೆರಾ ಅದನ್ನೇ ಹಿಡಿಯುವುದು, ಸಂಜೆ ಕಾಲೇಜಿನಲ್ಲಿ ತೂಕಡಿಸುತ್ತಾ ಬಿ.ಎಸ್ಸಿ. ಮುಗಿಸಿದ ನನಗೂ ಅಷ್ಟು ಗೊತ್ತು, ಬಣ್ಣವೇ ಹೋಗಿದ್ದರೆ ಏನು ಕಂಡೀತು, ಉಳಿದ ಹೋಳುಗಳು ಸತ್ತಿದ್ದವು, ಇದೊಂದೇ, ಕ್ಯಾಮೆರಾ ಎರವಲಿನದು, ನಾಳೆ ವಾಪಸ್, ದೀಪಿಕಾ ಮೇಡಂ ಪಿಎಚ್‌ಡಿ ಇದರ ಮೇಲೇ ನಿಂತಿದೆ, ಹೇಳಬೇಕಿತ್ತು, ಹೇಳದೆ ಹೋಳು ಅವರ ಕೈಗಿಟ್ಟು ಬಸ್ಸು ಹತ್ತಿದೆ, ಊರಲ್ಲಿ ಅಣ್ಣನ ಮಗುವಿಗೆ ನಾಮಕರಣವಂತೆ, ನನ್ನ ಗುತ್ತಿಗೆ ಕೆಲಸ ಹೋದರೆ ಹೋಗಲಿ, ಇಲ್ಲ, ಹೋಗದಿರಲಿ — ಯಕ್ಕಾ, ಇಳಿಯಂಗಿದ್ರೆ ಇಳಿ, ಟೀ ಕುಡ್ದು ಬರ್ತೀವಿ, ಕಂಡಕ್ಟರು. ಇಳಿದೆ. ರಿಸೀವರ್ ಕಿವಿಗಿಟ್ಟುಕೊಂಡು ಸುಮ್ಮನೆ ನಿಂತಿದ್ದೇನೆ, ಬರೀ ಉಸಿರು ಬಿಟ್ರೂ ಬಿಲ್ ಬರ್ತೈತೆ, ಮಾತಾಡಕ್ಕಾ, ಬೂತಿನವನಿಗೆ ನಗು, ಮೇಡಂ ನಾನು ಶಾಂತಕುಮಾರಿ, ಹೋಳನ್ನ ಜಾಸ್ತಿ ತೊಳೆದುಬಿಟ್ಟೆ, ಹೇಳ್ಲಿಲ್ಲ, ತಪ್ಪಾಯ್ತು. ಮೇಡಂ ನಕ್ಕರು, ಅದಕ್ಕೇನಾ ಅಷ್ಟು ಮಂಕಾಗಿತ್ತು, ನಾನು ಪಾಪ ಮೈಕ್ರೋಸ್ಕೋಪಿನ ಲ್ಯಾಂಪನ್ನ ಬೈತಾ ಕೂತಿದ್ದೆ, ಆದ್ರೂ ಬಂತು ಶಾಂತಾ, ಚಿತ್ರ ಮತ್ತೆ ಮತ್ತೆ ತೆಗೆದು ಒಂದರ ಮೇಲೊಂದು ಕೂಡಿಸಿದ ಮೇಲೆ ಬಂತು, ಕಂಪ್ಯೂಟರಿನಲ್ಲಿ ವಿದ್ಯುತ್ತು ಏರಿದ ಕಡೆ, ಅಂಚಿಗೊಂದು ಕೆಂಪು ಚುಕ್ಕೆ, ನೋಡ್ತಾ ನೋಡ್ತಾ ಒಳಗೆಲ್ಲಾ ಹರಡ್ತು, ಮುಂದಿನ ಸಲ ಗಡಿಯಾರ ನೋಡಿ ತೊಳೀರಿ, ಈಗ ಹೋಗಿ ಪಾಯಸ ತಿನ್ನಿ.

ಬಂತು ಅಂದರು, ಬಂತು ಅಂತಲೇ ಅಂದರಲ್ಲ, ಸಮಾಧಾನಕ್ಕೆ ಅಂದದ್ದಲ್ಲ ತಾನೆ, ಅಲ್ಲ, ನಕ್ಕರು, ಬೈದರು ಕೂಡ, ಸುಳ್ಳಾಗಿದ್ದರೆ ಬೈಯುತ್ತಿರಲಿಲ್ಲ, ಅಂಚಿಗೊಂದು ಕೆಂಪು ಚುಕ್ಕೆ, ಬಸ್ಸು ಯಾವಾಗ ಹೊರಟಿತೋ, ಬಿ.ಜಿ. ಕೆರೆಯಲ್ಲಿ ಯಾರೋ ಇಳಿಯುತ್ತಿದ್ದಾರೆ, ಬೆಳಿಗ್ಗೆಯಿಂದ ಏನೂ ತಿಂದಿಲ್ಲವೆಂದು ಹೊಟ್ಟೆ ಈಗ ಹೇಳುತ್ತಿದೆ, ಮಂಕಾದದ್ದು ನನ್ನಿಂದಲೇ, ಸೋಮವಾರ ಲ್ಯಾಬಿನ ಪುಸ್ತಕದಲ್ಲಿ ಅದನ್ನು ಬರೆದಿಡಬೇಕು, ಬರೆಯುತ್ತೇನೆ, ಕಣ್ಣು ಮುಚ್ಚಿದರೂ ಅದೇ, ನಾನು ನೋಡೇ ಇಲ್ಲದ ಪರದೆ, ಮೊದಲು ಬರೀ ಬೂದು, ಆಮೇಲೆ ಅಂಚಿನಲ್ಲಿ ಆ ಕೆಂಪು ಚುಕ್ಕೆ, ಸಣ್ಣದು, ಹರಡುತ್ತಿದೆ, ಕೆಂಪು, ಹರಡುತ್ತಿದೆ