ಗೇಟು ದಾಟುವವರೆಗೆ

ಮುಖ್ಯರಸ್ತೆಗೆ ಬಂದು ಇನ್ನೂ ಟಾಪ್ ಗೇರಿಗೆ ಹಾಕಿರಲಿಲ್ಲ, ಕಾರು ಮುಗ್ಗರಿಸತೊಡಗಿತು. ಬಿಕ್ಕಳಿಕೆ ಹಿಡಿದವರ ಹಾಗೆ ಒಮ್ಮೆ ಜಗ್ಗಿ, ಸುಮ್ಮನಾಗಿ, ಮತ್ತೆ ಜಗ್ಗಿತು. ಹಿಂದಿನ ಹೊಗೆ ಕೊಳವೆಯಿಂದ ‘ಫಟ್’ ಎಂದು ಸದ್ದು ಬಂತು. ರಸ್ತೆಯ ಅಂಚಿನಲ್ಲಿ ಹೋಗುತ್ತಿದ್ದ ಇಬ್ಬರು ತಿರುಗಿ ನೋಡಿದರು.

“ಏನೇ ಅದು?” ಎಂದರು ಪಕ್ಕದಲ್ಲಿ ಕುಳಿತಿದ್ದ ಅತ್ತೆ. ತೊಡೆಯ ಮೇಲಿನ ಚೀಲವನ್ನು ಎದೆಗೆ ಅವುಚಿಕೊಂಡಿದ್ದರು.

“ಗೊತ್ತಿಲ್ಲ ಅತ್ತೆ. ಸ್ವಲ್ಪ ಸುಮ್ನಿರಿ.”

ಸೊಸೆಯ ಅಂಗೈ ಬೆವರಿ ಸ್ಟಿಯರಿಂಗ್ ಜಾರುತ್ತಿತ್ತು. ನದಿಯಾಚೆ ನಾದಿನಿಯ ಮನೆ. ನದಿಗಿರುವುದು ಒಂದೇ ಸೇತುವೆ. ಸೇತುವೆಗೆ ಹೋಗಬೇಕೆಂದರೆ ಗಂಡ ಕೆಲಸ ಮಾಡುವ ಕಾರ್ಖಾನೆಯ ಗೇಟಿನ ಮುಂದೆಯೇ ಹಾದುಹೋಗಬೇಕು. ಪಾಳಿ ಮುಗಿಯುವ ಸೈರನ್ ಆಗುವ ಮುಂಚೆ, ಅವನಿನ್ನೂ ಒಳಗಿರುವಾಗಲೇ ಗೇಟು ದಾಟಿಬಿಡಬೇಕೆಂದು ಇಬ್ಬರೂ ಮಾತಾಡಿಕೊಂಡಿದ್ದರು. ಆದರೆ ಎದುರುಮನೆಯವಳು ಮಧ್ಯಾಹ್ನ ನಿದ್ದೆಗೆ ಹೋಗುವವರೆಗೆ ಕಾಯಬೇಕಾಯಿತು. ಮನೆಯಿಂದ ಯಾರು ಹೊರಗೆ ಕಾಲಿಟ್ಟರೂ ಅವಳು ಅವನಿಗೆ ಫೋನು ಮಾಡುತ್ತಿದ್ದಳು. ಹೊರಡುವುದೇ ತಡವಾಗಿತ್ತು.

ಸೊಸೆಗೆ ಹೊಡೆಯುವುದು ಆ ಮನೆಯಲ್ಲಿ ಹೊಸದಲ್ಲ. ನಿನ್ನೆ ಅಡ್ಡ ಬಂದ ತಾಯಿಯ ಮೇಲೂ ಅವನು ಕೈ ಮಾಡಿದ್ದ. ಆಮೇಲೆ ಹೋಗಿ ಮಲಗಿದ್ದ. ಬೆಳಿಗ್ಗೆ ಅವನು ಬೈಕು ಹತ್ತಿ ಹೋದಮೇಲೆ ಅತ್ತೆ ಕಾರಿನ ಕೀ ತಂದು ಸೊಸೆಯ ಮುಂದಿಟ್ಟು, “ನಿಮ್ಮ ಮಾವ ನಿಂಗೆ ಡ್ರೈವಿಂಗ್ ಕಲಿಸಿದ್ದು ಸುಮ್ನೆ ಅಲ್ಲ. ಏಳು,” ಎಂದಿದ್ದರು.

ಅದು ಮಾವನ ಕಾರು. ಗಂಡ ಅದರ ಹಿಂದಿನ ಸೀಟಿನಲ್ಲೇ ಬೆಳೆದವನು. ಅದು ಬೀದಿಯ ತಿರುವಿನಲ್ಲಿರುವಾಗಲೇ ಮನೆಯೊಳಗೆ ಕೂತು ಸದ್ದಿನಿಂದಲೇ ಗುರುತು ಹಿಡಿಯಬಲ್ಲವನು. ಹೀಗೆ ಫಟಫಟ ಎನ್ನುತ್ತ ಗೇಟಿನ ಮುಂದೆ ಹೋದರೆ ಅವನೊಬ್ಬನೇ ಏನು, ಇಡೀ ಪಾಳಿಯೇ ತಿರುಗಿ ನೋಡುತ್ತದೆ. ಹಾಗೆಂದು ಹಿಂದಕ್ಕೆ ತಿರುಗಿಸಿದರೆ, ಮನೆಯ ಮುಂದೆ ಕಾರು ಮತ್ತೆ ನಿಲ್ಲುವ ಮೊದಲೇ ಎದುರುಮನೆಯವಳಿಗೆ ಎಚ್ಚರವಾಗುತ್ತದೆ.

ಕಾರು ಏದುಸಿರು ಬಿಡುತ್ತ ಒಂದು ಗ್ಯಾರೇಜಿನ ಮುಂದೆ ಬಂದಾಗ ಸೊಸೆ ಯೋಚಿಸದೆ ಒಳಕ್ಕೆ ತಿರುಗಿಸಿದಳು. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಗೆ ಒರಗಿಸಿದ ಹಳೆ ಟೈರುಗಳು. ಲಾರಿಯ ಕೆಳಗಿನಿಂದ ಮೆಕ್ಯಾನಿಕ್ ಹೊರಗೆ ಜಾರಿ ಬಂದ. ದಪ್ಪ ಮನುಷ್ಯ, ಬಾಯಿಗೆ ಬಿಡುವಿಲ್ಲದವನು.

“ಮಿಸ್ಸಿಂಗ್ ಹೊಡೀತಿದೆ. ನಾಲ್ಕು ಸಿಲಿಂಡರಲ್ಲಿ ಒಂದು ರಜಾ ಹಾಕಿದೆ,” ಎಂದ, ಸದ್ದು ಕೇಳಿದ ಕೂಡಲೇ. ಬಾನೆಟ್ ಎತ್ತಿ ಇಣುಕಿದ. “ಅಬ್ಬಾ! ಅಜ್ಜಿ, ಇದಕ್ಕೆ ನಿಮ್ಮಷ್ಟೇ ವಯಸ್ಸಾಗಿರ್ಬೇಕಲ್ಲ?”

“ನನ್ನ ವಯಸ್ಸು ಕಟ್ಕೊಂಡು ನಿಂಗೇನಪ್ಪಾ? ಕೈ ಆಡ್ಸು, ಬಾಯಿ ಆಮೇಲೆ ಆಡ್ಸೂವಂತೆ,” ಎಂದರು ಅತ್ತೆ.

“ಬೇಗ ಆಗತ್ತಾ?” ಸೊಸೆ ಕೇಳಿದಳು. “ಸೈರನ್ ಆಗೋದ್ರೊಳಗೆ ನಾವು ಸೇತುವೆ ದಾಟ್ಬೇಕು.”

“ಹೌದು ಬಿಡಿ ಅಕ್ಕ, ಆಮೇಲೆ ಆ ಗೇಟ್ ಹತ್ರ ಕಾಲಿಡೋಕೆ ಜಾಗ ಇರಲ್ಲ. ಎಂಜಿನ್ ಚಾಲೂ ಇರ್ಲಿ.”

ಅವನು ಇಕ್ಕಳದ ಹಿಡಿಗೆ ರಬ್ಬರ್ ಸುತ್ತಿಕೊಂಡು, ಪ್ಲಗ್ಗುಗಳಿಗೆ ಹೋಗುವ ವೈರುಗಳನ್ನು ಒಂದೊಂದಾಗಿ ಎಳೆದು ಮತ್ತೆ ಸಿಕ್ಕಿಸತೊಡಗಿದ. ಮೊದಲನೆಯದನ್ನು ಎಳೆದಾಗ ಎಂಜಿನ್ ಇನ್ನಷ್ಟು ತತ್ತರಿಸಿತು. “ಇದು ದುಡೀತಿದೆ,” ಎಂದ. ಎರಡನೆಯದಕ್ಕೂ ಹಾಗೇ ಆಯಿತು. ಮೂರನೆಯದನ್ನು ಎಳೆದ. ಏನೂ ಬದಲಾಗಲಿಲ್ಲ. ಎಂಜಿನ್ ಮೊದಲು ಹೇಗೆ ಕುಂಟುತ್ತಿತ್ತೋ ಹಾಗೇ ಕುಂಟುತ್ತಿತ್ತು. “ಸಿಕ್ತು ನೋಡಿ. ಇದು ಇದ್ರೂ ಒಂದೇ, ಇಲ್ದಿದ್ರೂ ಒಂದೇ.”

ಸೊಸೆ ಆ ವೈರನ್ನೇ ನೋಡುತ್ತ ನಿಂತಳು. ಸಂಜೆ ಗಂಡ ಬಾಗಿಲು ತೆರೆದಾಗ ಮನೆಯಲ್ಲಿ ಏನು ಕಡಿಮೆಯಾಗಿರುತ್ತದೆ? ತಟ್ಟೆ ಇಡುವ ಕೈ. ಬೇರೇನಿಲ್ಲ. ಆದರೂ ಅವನು ಹುಡುಕಿಕೊಂಡು ಬರುತ್ತಾನೆ, ಅದು ಅವಳಿಗೆ ಗೊತ್ತಿತ್ತು. ಬೇಕಾದದ್ದಕ್ಕಾಗಿ ಹುಡುಕುವುದು ಬೇರೆ, ತನ್ನದೆಂದು ಹುಡುಕುವುದು ಬೇರೆ.

“ಎಂಜಿನ್‌ಗೆ ಏನಾದ್ರೂ ನೀರು ಬಿತ್ತಾ? ತೊಳೆದ್ರಾ?” ಮೆಕ್ಯಾನಿಕ್ ಕೇಳಿದ.

“ಇಲ್ಲಪ್ಪ, ನಾನು ಮುಟ್ಟೇ ಇಲ್ಲ,” ಎಂದರು ಅತ್ತೆ ಥಟ್ಟನೆ.

ಅವನು ಮೂರನೆಯ ಪ್ಲಗ್ಗನ್ನು ಬಿಚ್ಚಿ ಎರಡನೆಯದರ ಜಾಗಕ್ಕೆ ಹಾಕಿದ, ಎರಡನೆಯದನ್ನು ಇಲ್ಲಿಗೆ ತಂದ. ಸ್ಟಾರ್ಟ್ ಮಾಡಿಸಿ ಮತ್ತೆ ವೈರು ಎಳೆದು ನೋಡಿದ. ಸತ್ತದ್ದು ಮೂರನೆಯದೇ. ಸೊಸೆ ಗೇಟಿನ ದಿಕ್ಕಿಗೆ ಕಿವಿ ನೆಟ್ಟಿದ್ದಳು. ರಸ್ತೆಯಲ್ಲಿ ಹೋಗುವ ಪ್ರತಿ ಬೈಕಿಗೂ ತಿರುಗಿ ನೋಡುತ್ತಿದ್ದಳು.

ಮೆಕ್ಯಾನಿಕ್ ಕೈ ಒರೆಸಿಕೊಂಡ. “ಪ್ಲಗ್ ಸರಿ ಇದೆ ಅಕ್ಕ. ನೀರೂ ಬಿದ್ದಿಲ್ಲ ಅಂತೀರಿ. ಹಾಗಾದ್ರೆ ಒಳಗೇ ತೊಂದರೆ. ವಾಲ್ವ್ ಸುಟ್ಟಿರತ್ತೆ. ಹೆಡ್ ಬಿಚ್ಬೇಕು. ಕಾರು ಬಿಟ್ಟು ಹೋಗಿ, ನಾಳೆ ನಾಡಿದ್ದು ನೋಡೋಣ,” ಎಂದು ಲಾರಿಯ ಕಡೆ ಹೊರಟ.

ನಾಳೆ. ಇಲ್ಲಿ ಬಸ್ಸು ನಿಲ್ಲುವುದೂ ಅದೇ ಗೇಟಿನ ಮುಂದೆ. ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ಬಾಗಿಲು ತೆರೆದಿಟ್ಟು ಸೀಟಿನಲ್ಲೇ ಕೂತು ಟೈರುಗಳ ಕಡೆ ನೋಡುತ್ತಿದ್ದರು. ಟೈರುಗಳಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಆಗ ಅವಳಿಗೆ ಹೊಳೆಯಿತು. ಮೆಕ್ಯಾನಿಕ್ ಕೇಳಿದ್ದು ನೀರು ಬಿತ್ತಾ ಎಂದು. ಅತ್ತೆ ಹೇಳಿದ್ದು ಮುಟ್ಟಿಲ್ಲ ಎಂದು. ಆ ಉತ್ತರ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮನೆಯಲ್ಲಿ ಒಂದು ಲೋಟ ಬಿದ್ದ ಸದ್ದಾದರೂ ಸಾಕು, ಯಾರೂ ಕೇಳುವ ಮುಂಚೆ ಇಬ್ಬರ ಬಾಯಿಂದಲೂ ಅದು ಒಟ್ಟಿಗೇ ಬರುತ್ತಿತ್ತು: ನಾನಲ್ಲ.

“ಅತ್ತೆ, ಕಾರು ತೊಳೆದ್ರಾ?”

“ಇಲ್ವೇ.”

“ಬೆಳಿಗ್ಗೆ ಅಂಗಳ ಒದ್ದೆ ಇತ್ತು.”

“ಗಿಡಕ್ಕೆ ಹಾಕ್ದೆ.”

“ನಿಜ ಹೇಳಿ!” ಸೊಸೆ ಕಾರಿನ ಮೇಲೆ ಕೈ ಬಡಿದು ಕೂಗಿದಳು. “ನಿಜ ಹೇಳಿ ಅಂದ್ನಲ್ಲ!”

ಅತ್ತೆಯ ಮೊಣಕೈ ಮೇಲೆದ್ದಿತು. ಅಂಗೈ ಬಂದು ಕೆನ್ನೆಯನ್ನು ಮುಚ್ಚಿತು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿತು.

ಅಂದಿನವರೆಗೆ ಸೊಸೆ ಹೆದರಿದ್ದೆಲ್ಲ ಗಂಡನಿಗೆ. ಆ ಕ್ಷಣ ಹೆದರಿದ್ದು ತನ್ನ ಗಂಟಲಿನಿಂದ ಹೊರಬಂದ ದನಿಗೆ. ಅದೇ ಏರಿಳಿತ, ಅದೇ ‘ಅಂದ್ನಲ್ಲ’. ಅದು ಯಾವಾಗ ತನ್ನೊಳಗೆ ಬಂದು ಕೂತಿತ್ತೋ ಅವಳಿಗೆ ತಿಳಿಯಲಿಲ್ಲ. ಕಾರಿನ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕುಳಿತಳು. ಅತ್ತೆಯ ಸೆರಗಿನ ತುದಿ ಹಿಡಿದಳು. ಕೈ ಹಿಡಿಯಲು ಧೈರ್ಯ ಬರಲಿಲ್ಲ.

“ಅತ್ತೆ, ಕಣ್ಣು ಬಿಡಿ. ನಾನು ಏನೂ ಅನ್ನಲ್ಲ. ನೀವು ತೊಳೆದಿದ್ರೆ ಒಳ್ಳೇದು. ಕೇಳಿಸ್ತಾ? ತೊಳೆದಿದ್ರೆ ಇದು ಬರೀ ನೀರು. ಒರೆಸಿ ಹೋಗ್ಬಹುದು. ತೊಳೀದೇ ಇದ್ರೆ ನಾವಿವತ್ತು ಹೋಗೋಕಾಗಲ್ಲ.”

ಅತ್ತೆ ಬೆರಳ ಸಂದಿಯಿಂದ ನೋಡಿದರು. ತೊಳೆದದ್ದು ಒಳ್ಳೆಯದಾಗುವ ಸಂದರ್ಭವೂ ಇರುತ್ತದೆಂದು ನಂಬಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು.

“ಪೈಪ್ ಹಿಡ್ದೆ,” ಎಂದರು ಕೊನೆಗೆ, ಕೇಳಿಸದಷ್ಟು ಮೆಲ್ಲಗೆ. “ಬಾನೆಟ್ ತೆಗ್ದು ಒಳಗೂ ಹಿಡ್ದೆ. ಅಳಿಯನ ಮನೆ ಮುಂದೆ ಮಣ್ಣು ಮೆತ್ತಿದ ಕಾರು ನಿಲ್ಸೋದು ಹೇಗೆ ಹೇಳು? ಓಡಿ ಬಂದಿದಾರೆ ಅಂತ ಗೊತ್ತಾಗಲ್ವಾ?”

ಸೊಸೆಗೆ ನಗು ಬಂತೋ ಅಳು ಬಂತೋ. “ಅಣ್ಣಾ!” ಎಂದು ಲಾರಿಯ ಕಡೆ ಕೂಗಿದಳು. “ನೀರು ಬಿದ್ದಿದೆ! ತುಂಬಾ ಬಿದ್ದಿದೆ!”

“ಅಯ್ಯೋ, ಮೊದ್ಲೇ ಹೇಳೋದಲ್ವಾ? ನಾನು ಆಗ್ಲೇ ಹೆಡ್ ಬಿಚ್ಚೋಕೆ ಮನಸ್ಸು ಮಾಡಿದ್ದೆ,” ಎಂದು ಗೊಣಗುತ್ತ ಮೆಕ್ಯಾನಿಕ್ ವಾಪಸು ಬಂದ. “ನಾನೂ ಈ ಮುಚ್ಚಳ ತೆಗೆದು ನೋಡ್ಬೇಕಿತ್ತು ಬಿಡಿ.”

ನಾಲ್ಕೂ ವೈರುಗಳು ಬಂದು ಸೇರುವ ಕರಿಯ ಮುಚ್ಚಳವನ್ನು ಬಿಚ್ಚಿದ. ಒಳಗೋಡೆಯ ಮೇಲೆ ಹನಿಗಳು ಕೂತಿದ್ದವು. ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದ. ಮೂರನೆಯ ವೈರಿನ ಬುಡದಲ್ಲಿ ಕೂದಲೆಳೆಯಂಥ ಬಿರುಕು.

“ನೀರು ಇಲ್ಲಿಂದ ಹೋಗಿದೆ. ಕರೆಂಟು ಪ್ಲಗ್‌ಗೆ ಹೋಗೋ ಬದ್ಲು ಈ ಬಿರುಕಲ್ಲೇ ಹರಿದು ಪೋಲಾಗ್ತಿದೆ. ಹೊಸ ಮುಚ್ಚಳ ನನ್ನ ಹತ್ರ ಇಲ್ಲ. ಉಗುರಿಗೆ ಹಚ್ಚೋ ಬಣ್ಣ ಇದ್ಯಾ ಅಕ್ಕ?”

ಸೊಸೆ ಇಲ್ಲವೆಂದು ತಲೆಯಾಡಿಸಿದಳು. ಅದನ್ನೆಲ್ಲ ಬಿಟ್ಟು ಎಷ್ಟೋ ಕಾಲವಾಗಿತ್ತು. ಅತ್ತೆ ತಮ್ಮ ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿ, ತಳದಿಂದ ಒಂದು ಪುಟ್ಟ ಕೆಂಪು ಶೀಶೆ ತೆಗೆದರು.

“ಅಜ್ಜೀ!” ಎಂದ ಮೆಕ್ಯಾನಿಕ್ ಹುಬ್ಬೇರಿಸಿ.

“ಸೊಳ್ಳೆ ಪರದೆಗೆ ಕಣಪ್ಪ. ತೂತಿನ ಅಂಚಿಗೆ ಹಚ್ಚಿದ್ರೆ ಮುಂದಕ್ಕೆ ಹರಿಯಲ್ಲ. ಹಲ್ಲು ಕಿರೀಬೇಡ, ಹಚ್ಚು.”

ಅವನು ಬ್ಲೇಡಿನಿಂದ ಬಿರುಕನ್ನು ಕೆರೆದು, ಎರಡೂ ಕಡೆ ಬಣ್ಣ ಹಚ್ಚಿ, ಮುಚ್ಚಳವನ್ನು ಉರಿಯುವ ಬಲ್ಬಿನ ಕೆಳಗೆ ಹಿಡಿದು ನಿಂತ. ಒಣಗಲಿಲ್ಲ. ಊದಿದ. ಅತ್ತೆಯೂ ಇಳಿದು ಬಂದು ಊದಿದರು.

ಅಷ್ಟರಲ್ಲಿ ಸೈರನ್ ಆಯಿತು. ಉದ್ದಕ್ಕೆ, ತಗಡಿನ ಮಾಡು ಅದುರುವ ಹಾಗೆ. ಊದುತ್ತಿದ್ದವರಿಬ್ಬರೂ ತಲೆ ಎತ್ತಿದರು. ಮೆಕ್ಯಾನಿಕ್ ಅತ್ತೆಯ ಕೆನ್ನೆಯ ಮೇಲಿನ ಕಂದು ಗುರುತನ್ನು ಆಗ ಗಮನಿಸಿದನೋ, ಮೊದಲೇ ಗಮನಿಸಿದ್ದನೋ. ಏನೂ ಕೇಳಲಿಲ್ಲ. ಮುಚ್ಚಳ ಕೂರಿಸಿ, ವೈರು ಸಿಕ್ಕಿಸಿ, “ಹೊಡೀರಿ ಸೆಲ್ಫ್,” ಎಂದ.

ಎಂಜಿನ್ ಒಮ್ಮೆ ಕೆಮ್ಮಿತು. ಆಮೇಲೆ ನಾಲ್ಕೂ ಸಿಲಿಂಡರುಗಳು ಹಿಡಿದುಕೊಂಡವು. ಸೀಟಿನ ಕೆಳಗಿನ ನಡುಕ ನಿಂತಿತು.

“ನಿಧಾನಕ್ಕೆ ಹೋಗಿ ಅಕ್ಕ, ಜೋರಾಗಿ ಒತ್ಬೇಡಿ. ಎಲ್ಲೂ ಆಫ್ ಮಾಡ್ಬೇಡಿ.”

ಗೇಟಿನ ಮುಂದೆ ರಸ್ತೆ ತುಂಬ ಜನ. ಸೈಕಲ್, ಬೈಕು, ಟಿಫಿನ್ ಡಬ್ಬಿ ಹಿಡಿದ ಕೈಗಳು. ಕಾರು ಅವರ ನಡುವೆ ನಡಿಗೆಯ ವೇಗದಲ್ಲಿ ಸರಿಯಿತು. ಯಾರದೋ ಮೊಣಕೈ ಕನ್ನಡಿಗೆ ತಗುಲಿತು. ಸೊಸೆ ಮುಂದಿನ ಗಾಜನ್ನು ಬಿಟ್ಟು ಬೇರೆಲ್ಲೂ ನೋಡಲಿಲ್ಲ. ಉಸಿರು ಬಿಟ್ಟರೂ ಎಂಜಿನ್ ಕೆಟ್ಟೀತೆಂಬಂತೆ ಬಿಗಿಹಿಡಿದಿದ್ದಳು.

ಅವನು ಅಲ್ಲೇ ಇದ್ದ. ಕಾರಿನ ಎಡಕ್ಕೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಬೆನ್ನು ಮಾಡಿ ನಿಂತು ಬೈಕಿನ ಬೀಗ ತೆಗೆಯುತ್ತಿದ್ದ. ಅತ್ತೆಯ ಕಿಟಕಿಯ ಗಾಜು ಅರ್ಧ ಇಳಿದಿತ್ತು. ಸೊಸೆ ಓರೆಗಣ್ಣಿನಿಂದ ನೋಡಿದಳು. ಅತ್ತೆ ತಲೆ ತಗ್ಗಿಸಿರಲಿಲ್ಲ. ಮಗನನ್ನೇ ನೋಡುತ್ತಿದ್ದರು. ತುಟಿಗಳು ಬೇರೆಯಾಗಿದ್ದವು. ಕೂಗಿಬಿಡುತ್ತಾರೆ ಎನ್ನಿಸಿತು ಅವಳಿಗೆ. ಹೆತ್ತವರಲ್ಲವೇ, ಕೂಗಿಯೇ ಬಿಡುತ್ತಾರೆ. ಎದೆಬಡಿತ ಕಿವಿಯಲ್ಲಿ ಕೇಳುತ್ತಿತ್ತು. ಎಂಜಿನ್ನಿನ ಸದ್ದು ಕೇಳುತ್ತಿರಲಿಲ್ಲ.

ಅತ್ತೆ ಕೂಗಲಿಲ್ಲ. ಮುಂದಿನ ಸೈಕಲ್ ಸರಿಯಿತು. ಕಾರು ಅವನ ಬೆನ್ನನ್ನು ದಾಟಿತು. ಅವನು ತಿರುಗಲಿಲ್ಲ.

ಸೇತುವೆಯ ಮಧ್ಯೆ ಬಂದಮೇಲೆ ಅತ್ತೆ ಗಾಜು ಏರಿಸಿದರು.

“ಅಂಗಿ ಭುಜದ ಹತ್ರ ಹೊಲಿಗೆ ಬಿಟ್ಟಿದೆ,” ಎಂದರು. “ಬೆಳಿಗ್ಗೆ ನೋಡಿದ್ರೆ ಎರಡು ಹೊಲಿಗೆ ಹಾಕ್ಬಹುದಿತ್ತು.”

ಅತ್ತೆ ಅಳುತ್ತಿದ್ದರು, ಸದ್ದು ಮಾಡದೆ. ಸೊಸೆ ಕ್ಲಚ್ ಒತ್ತಲು ಎರಡು ಸಲ ಯತ್ನಿಸಬೇಕಾಯಿತು. ಆಮೇಲೆ ಟಾಪ್ ಗೇರಿಗೆ ಹಾಕಿದಳು.