ಕೊಡದ ಪಕ್ಕದ ಸೀಸೆ

ಮೊಮ್ಮಗ ಉತ್ತಮ ಹಿತ್ತಲಲ್ಲಿ ಮೂತ್ರ ಮಾಡಿದ ಜಾಗಕ್ಕೆ ಮತ್ತೆ ಇರುವೆಗಳು ಮುತ್ತಿದ್ದವು. ಅಜ್ಜಿ ಶೇವಂತಾಬಾಯಿ ಅದನ್ನು ನೋಡಿಯೂ ನೋಡದವಳ ಹಾಗೆ ಒಂದು ಬೊಗಸೆ ಬೂದಿ ಎರಚಿ ಒಳಗೆ ಬಂದಳು. ಹದಿನಾಲ್ಕರ ಮೊಮ್ಮಗನಿಗೆ ಸಕ್ಕರೆ ರೋಗ ಎಂದು ಹುಮನಾಬಾದಿನ ಡಾಕ್ಟರ್ ಹೇಳಿದ್ದು ದೀಪಾವಳಿಯ ಹೊತ್ತಿಗೆ. ಸೂಜಿ ಶುರುವಾದ ಮೇಲೆ ಹುಡುಗ ಮೈ ಕೈ ತುಂಬಿಕೊಂಡಿದ್ದ. ಬೇಸಿಗೆ ಬಂದದ್ದೇ ತಡ, ಮತ್ತೆ ಅದೇ ದಾಹ, ಅದೇ ಸೊರಗು.

ಇದು ಎರಡನೆಯ ಮಹಾಯುದ್ಧದ ಕಾಲದ ಮಾತು. ಬಸವಕಲ್ಯಾಣವನ್ನು ಆಗ ಜನ ಬರೀ ಕಲ್ಯಾಣಿ ಎನ್ನುತ್ತಿದ್ದರು. ಆ ಓಣಿಯಲ್ಲಿ ಕರೆಂಟಿಲ್ಲ, ಫ್ರಿಜ್ಜಿನ ಹೆಸರು ಕೇಳಿದವರೂ ಇಲ್ಲ. ಇನ್ಸುಲಿನ್ ಸೀಸೆ ಹೈದರಾಬಾದಿನಿಂದ ಹುಮನಾಬಾದಿಗೆ ಬರಬೇಕು. ಅಲ್ಲಿಂದ ಶೇವಂತಾಬಾಯಿಯ ಮಗ, ಉತ್ತಮನ ಅಪ್ಪ ಲಾಲಪ್ಪ ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸು ಹಿಡಿದು ತರಬೇಕು. ತಂದದ್ದನ್ನು ತಂಪಿನಲ್ಲಿ ಇಡಿ ಎಂದು ಡಾಕ್ಟರ್ ಒತ್ತಿ ಒತ್ತಿ ಹೇಳಿದ್ದರು.

ಆ ಮನೆಯಲ್ಲಿ ತಂಪಿನ ಜಾಗ ಒಂದೇ ಒಂದು. ಕಲ್ಲುಗೋಡೆಯ ಮೂಲೆಯಲ್ಲಿದ್ದ ಕುಡಿಯುವ ನೀರಿನ ಕಟ್ಟೆ. ಅದು ಶೇವಂತಾಬಾಯಿಯ ರಾಜ್ಯ. ಅವಳು ಮಾಳಕರಿ, ಕೊರಳಲ್ಲಿ ತುಳಸಿ ಮಾಲೆ, ವರ್ಷಕ್ಕೊಮ್ಮೆ ಪಂಢರಪುರ. ಸ್ನಾನವಾಗದೆ ಸೊಸೆಯೂ ಆ ಕೊಡ ಮುಟ್ಟುವಂತಿರಲಿಲ್ಲ. ಇನ್ಸುಲಿನ್ನನ್ನು ದನದ ಹೊಟ್ಟೆಯೊಳಗಿನ ಗ್ರಂಥಿಯಿಂದ ತೆಗೆಯುತ್ತಾರೆ ಎಂದು ಡಾಕ್ಟರ್ ಹೇಳಿದ್ದರಂತೆ. ಬಾಯಲ್ಲಿ ಮಾತು ನಿಲ್ಲದ ಲಾಲಪ್ಪ ಮನೆಗೆ ಬಂದು ಮೊದಲು ಹೇಳಿದ್ದೇ ಅದನ್ನು.

"ದನದ ಹೊಟ್ಟ್ಯಾಗಿಂದು ನನ್ನ ನೀರಿನ ಬಾಜೂಕ ಬ್ಯಾಡ," ಎಂದಳು ಶೇವಂತಾಬಾಯಿ. "ಅವನ ಜೀವಕ್ಕ ಬೇಕಂದ್ರ ಚುಚ್ಚರಿ, ನಾ ಅಡ್ಡ ಬರಂಗಿಲ್ಲ. ಇಡೂದು ಮಾತ್ರ ಹೊರಗ."

ಎದುರು ಮಾತಾಡಿ ಗೊತ್ತಿಲ್ಲದ ಸೊಸೆ ಸುಂದರಬಾಯಿ ಸೀಸೆಯನ್ನು ಕೊಟ್ಟಿಗೆಯ ತಗಡಿನ ಕೆಳಗೆ, ಜಂತಿಯ ಸಂದಿಯಲ್ಲಿ ಇಟ್ಟಳು. ಚಳಿಗಾಲದಲ್ಲಿ ಹೇಗೋ ನಡೆಯಿತು. ಯುಗಾದಿ ದಾಟಿದ ಮೇಲೆ ಆ ತಗಡು ರೊಟ್ಟಿಯ ಹಂಚಿನಂತೆ ಕಾಯತೊಡಗಿತು.

ಒಂದು ಬೆಳಿಗ್ಗೆ ಪಕ್ಕದ ಮನೆಯ ಕುಲ್ಸುಮ್ ಬೀ ಒಲೆ ಹಚ್ಚಲು ಕೆಂಡ ಕೇಳಿಕೊಂಡು ಬಂದಳು. ಹೊಸ್ತಿಲ ಹೊರಗಿನ ಪಡಸಾಲೆಯಲ್ಲಿ ಉತ್ತಮ ಏದುಸಿರು ಬಿಡುತ್ತ ಮಲಗಿದ್ದ. ಅವಳು ಕೆಂಡದ ಮಾತು ಬಿಟ್ಟು ಅವನ ಮುಖದ ಹತ್ತಿರ ಬಗ್ಗಿದಳು.

"ಶೇವಂತಕ್ಕ, ಹುಡುಗನ ಬಾಯಿಂದ ಕೊಳೆತ ಹಣ್ಣಿನ ವಾಸನಿ ಬರಾಕತ್ತದ. ದವಾ ಎಲ್ಲಿ ಇಟ್ಟೀರಿ?"

"ಕೊಟ್ಟಿಗ್ಯಾಗ. ಅದರಾಗ ಏನೂ ದಮ್ಮಿಲ್ಲ ಬಿಡವಾ. ಚುಚ್ಚಿ ಚುಚ್ಚಿ ಹುಡುಗನ ಮೈ ಜರಡಿ ಆತು, ರೋಗ ಇದ್ದಲ್ಲೇ ಅದ."

ಕುಲ್ಸುಮ್ ಬೀ ಸುಂದರಬಾಯಿಯಿಂದ ಸೀಸೆ ತರಿಸಿ ಅಂಗೈಯಲ್ಲಿ ಹಿಡಿದು ನೋಡಿದಳು. "ಮುಂಜಾನೇನೇ ಇಷ್ಟು ಬೆಚ್ಚಗದ, ಮಧ್ಯಾಹ್ನ ಹ್ಯಾಂಗಿದ್ದೀತು? ಇದು ಸತ್ತ ದವಾ ಅಕ್ಕ."

"ನೀರಿನಂಗ ತಿಳಿ ಅದಲ್ಲ?"

"ತಿಳಿ ಇದ್ರ ಏನಾತ್ರಿ? ಶೆಕಿ ತಿಂದದ್ದು ಕಣ್ಣಿಗೆ ಛಲೋನೇ ಕಾಣತದ, ಮೈಯಾಗ ಕೆಲಸ ಮಾಡಾಂಗಿಲ್ಲ." ಅವಳು ಸೀಸೆಯನ್ನು ಸುಂದರಬಾಯಿಯ ಕೈಗೆ ಮರಳಿಸಿದಳು. "ನಮ್ಮವರಿಗೂ ಸಕ್ಕರಿ ರೋಗ, ಹಿಂಗೇ ಆತು. ಹೈದರಾಬಾದಿಂದ ಬಂದ ದವಾ ಅಂತ ಇಜ್ಜತ್‌ಲೆ ಕಿತಾಬ ಇಡೂ ಗ್ವಾಡಿ ತಾಕ್‌ನಾಗ ಇಟ್ಟಿದ್ದೆ. ತಾಕ್‌ನ ಕೆಳಗ ದಿನಾ ಸಂಜೀಕ ದೀಪ. ಅವರು ಹೋದಮ್ಯಾಲೆ ಡಾಕ್ಟರ್ ಹೇಳಿದ್ರು, ಆ ದೀಪದ ಶೆಕಿಗೇ ದವಾ ಕೆಟ್ಟಿತ್ತಂತ. ನಾನೇ ದಿನಾ ಹಚ್ಚಿದ ದೀಪ ಅಕ್ಕ."

ಅವಳ ಗಂಡ ಅಲ್ಲಾಬಕ್ಷ ಸತ್ತದ್ದು ಓಣಿಗೆಲ್ಲ ಗೊತ್ತಿತ್ತು. ಹೇಗೆ ಸತ್ತನೆಂದು ಶೇವಂತಾಬಾಯಿ ಎಂದೂ ಕೇಳಿರಲಿಲ್ಲ.

"ಈಗ ಕೂಡಬ್ಯಾಡ್ರಿ," ಎಂದಳು ಕುಲ್ಸುಮ್ ಬೀ. "ದವಾಖಾನಿಗೆ ಒಯ್ಯರಿ."

ಬಸ್ಸಿನಲ್ಲೇ ಉತ್ತಮನಿಗೆ ಪ್ರಜ್ಞೆ ತಪ್ಪಿತು. ಹುಮನಾಬಾದಿನಲ್ಲಿ ಹೊಸ ಸೀಸೆಯ ಔಷಧ ಮೈಗೆ ಹೋದ ಮೇಲೆ, ಎಲ್ಲರೂ ಆಸೆ ಬಿಟ್ಟ ಹೊತ್ತಿನಲ್ಲಿ, ಅವ್ವಾ ಎಂದ. ಸಂಜೆ ತಂದಿದ್ದರೆ ನನ್ನ ಕೈಲಿ ಏನೂ ಇರುತ್ತಿರಲಿಲ್ಲ ಎಂದು ಡಾಕ್ಟರ್ ಲಾಲಪ್ಪನ ಮುಖಕ್ಕೆ ಹೇಳಿದರು.

ಅವರು ಮರಳಿ ಬರುವಾಗ ಹೊಸ ಸೀಸೆ ಮುಚ್ಚಳದ ಡಬ್ಬಿಯಲ್ಲಿತ್ತು, ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿತ್ತು. ಬಸ್ಸಿನ ಹಿಂದಿನ ಇದ್ದಿಲ ಒಲೆಯ ಕಡೆ ಕೂರದೆ ಸುಂದರಬಾಯಿ ಮುಂದೆ ನೆರಳಿನ ಬದಿಗೆ ಕೂತು ಬಂದಳು. ಇತ್ತ ಕುಲ್ಸುಮ್ ಬೀ ಒಂದು ದೊಡ್ಡ ಮಣ್ಣಿನ ಗಡಿಗೆ, ಒಂದು ಚಿಕ್ಕದು, ಒಂದು ಬುಟ್ಟಿ ಮರಳು ತಂದು ಬಾಗಿಲ ಹೊರಗೆ ನಿಂತಿದ್ದಳು.

"ದೊಡ್ಡದರಾಗ ಸಣ್ಣದು ಇಡೂದು. ನಡುವ ಮರಳು ತುಂಬಿ, ಮುಂಜಾನಿ ಸಂಜೀಕ ನೀರು ಹೊಡಿಯೂದು. ಡಬ್ಬಿ ಸಣ್ಣ ಗಡಿಗ್ಯಾಗ, ಅದಕ್ಕ ನೀರು ಹತ್ತಬಾರದು. ಮ್ಯಾಲೆ ಒದ್ದಿ ಗೋಣಿತಟ್ಟು ಮುಚ್ಚೂದು. ಇಷ್ಟೇರಿ."

"ಎಲ್ಲಿ ಇಡೂದು?" ಎಂದ ಲಾಲಪ್ಪ.

ಎಲ್ಲಿ ಎಂದು ಎಲ್ಲರಿಗೂ ಗೊತ್ತಿತ್ತು. ಶೇವಂತಾಬಾಯಿ ಕೊಡಗಳ ಮುಂದೆ ನಿಂತಿದ್ದಳು. "ಪಡಸಾಲ್ಯಾಗ ಇಡ್ರಿ," ಎಂದಳು. ಪಡಸಾಲೆಗೆ ಮಧ್ಯಾಹ್ನದಿಂದ ಬಿಸಿಲು ಎಂದು ಸೊಸೆ ಮೆಲ್ಲಗೆ ಹೇಳಿದಳು. ಲಾಲಪ್ಪ ನೆಲ ನೋಡಿದ. ತಾಯಿಯ ಮುಂದೆ ಅವನ ಗಂಡಸುತನ ಯಾವಾಗಲೂ ಅಷ್ಟೇ.

ಗೋಡೆಗೆ ಒರಗಿದ್ದ ಉತ್ತಮ ಬಾಯಿ ತೆರೆದ. "ಬಿಡು ಆಯಿ. ನಿನ್ನ ನೀರು ಛಲೋ ಇರಲಿ. ನಾ ಸಾಯೂ ಮುಂದ ನನ್ನ ಬಾಯಾಗ ಬಿಡಾಕ ಬೇಕಾಗತದ."

ಶೇವಂತಾಬಾಯಿಗೆ ಮೊದಲು ಸಿಟ್ಟು ಬಂತು. ಆಮೇಲೆ ಅರ್ಥವಾಯಿತು. ಹದಿನಾಲ್ಕರ ಹುಡುಗ ಆಡುವ ಮಾತಲ್ಲ ಅದು. ಆಡುವಂತೆ ಮಾಡಿದವಳು ತಾನು. ಅವಳು ಯಾರನ್ನೂ ನೋಡದೆ ಕಟ್ಟೆಯ ಮೇಲಿನ ಒಂದು ಕೊಡ ಇಳಿಸಿದಳು, ಇನ್ನೊಂದನ್ನು ಪಕ್ಕಕ್ಕೆ ಸರಿಸಿದಳು.

"ಕುಲ್ಸುಮ್, ಒಳಗ ಬಾ. ಹ್ಯಾಂಗ ಇಡಬೇಕು ತೋರಿಸು."

ಅಷ್ಟು ವರ್ಷ ಗೋಡೆಗೆ ಗೋಡೆ ಹಚ್ಚಿಕೊಂಡು ಬಾಳಿದ ಕುಲ್ಸುಮ್ ಬೀ ಆ ಹೊಸ್ತಿಲು ದಾಟಿದ್ದು ಅವತ್ತೇ.

ಅಂದಿನಿಂದ ಮರಳಿಗೆ ನೀರು ಹೊಡೆಯುವ ಕೆಲಸವನ್ನು ಶೇವಂತಾಬಾಯಿ ಯಾರಿಗೂ ಬಿಡಲಿಲ್ಲ. ಉತ್ತಮ ಮತ್ತೆ ಚೇತರಿಸಿಕೊಂಡ. ಆದರೆ ಆ ಬೇಸಿಗೆಯಿಡೀ ಅವನು ಅಜ್ಜಿ ಕೊಟ್ಟ ನೀರು ಕುಡಿಯಲಿಲ್ಲ, ಅವ್ವನನ್ನೇ ಕೇಳುತ್ತಿದ್ದ. ಯಾಕೆಂದು ಅಜ್ಜಿ ಕೇಳಲಿಲ್ಲ.

ಓದುವ ಅವ್ವಂದಿರೇ, ಅಣ್ಣಂದಿರೇ, ಈಗ ನಿಮ್ಮ ಮನೆಯಲ್ಲಿ ಫ್ರಿಜ್ ಇದ್ದೀತು. ಇನ್ಸುಲಿನ್ನನ್ನು ಅದರ ಬರ್ಫ ಕಟ್ಟುವ ಖಾನೆಯಲ್ಲಿ ಮಾತ್ರ ಇಡಬೇಡಿ. ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು. ಫ್ರಿಜ್ ಇಲ್ಲವೇ, ಕರೆಂಟು ಹೋಯಿತೇ, ಕುಲ್ಸುಮ್ ಬೀಯ ಎರಡು ಗಡಿಗೆ ಸಾಕು. ಒಲೆಯ ಹತ್ತಿರ, ಕಿಟಕಿಯ ಬಿಸಿಲಿಗೆ, ನಿಂತ ಗಾಡಿಯೊಳಗೆ ಬೇಡವೇ ಬೇಡ. ತೆರೆದ ಸೀಸೆ ಎಷ್ಟು ದಿನ ಬಾಳುತ್ತದೆಂದು ಡಾಕ್ಟರನ್ನು ಕೇಳಿ. ಕೆಟ್ಟಿದೆ ಎಂಬ ಅನುಮಾನ ಬಂದರೆ ಸೂಜಿ ನಿಲ್ಲಿಸಿ ಕೂರಬೇಡಿ, ತಡಮಾಡದೆ ಹೊಸದು ತನ್ನಿ.

ಮನೆಯ ತಂಪಾದ ಜಾಗವನ್ನು ಮೊದಲು ಔಷಧಕ್ಕೆ ಕೊಡಿ. ಆ ಜಾಗ ಯಾರದು ಎಂಬ ಜಗಳವನ್ನು ಆಮೇಲೆ ಆಡಿ. ಜಗಳವಾಡಲು ಮನೆಯವರೆಲ್ಲ ಉಳಿದಿರಲಿ.