ಅಪಘಾತವಿಲ್ಲದ ನೂರು ದಿನ

ನಮ್ಮ ಲಾಂಡ್ರಿಯ ಬಾಗಿಲ ಪಕ್ಕದಲ್ಲಿ ಒಂದು ಹಸಿರು ಬೋರ್ಡಿದೆ. ಮೇಲೆ 'ಅಪಘಾತವಿಲ್ಲದ ದಿನಗಳು' ಎಂದು ಬರೆದಿದೆ, ಕೆಳಗೆ ಮೂರು ಮೊಳೆ, ಮೊಳೆಗೆ ಅಂಕಿಯ ತಗಡು. ಅದನ್ನು ತಗುಲಿಸಿದ ದಿನ ಸಾಹೇಬರು ಇಸ್ತ್ರಿ ವಿಭಾಗದ ಹದಿನಾಲ್ಕೂ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಹೇಳಿದರು: ನೂರು ದಿನ ಯಾರಿಗೂ ಏಟಾಗದಿದ್ದರೆ ಎಲ್ಲರಿಗೂ ಪ್ರತಿ ಶನಿವಾರ ಮಧ್ಯಾಹ್ನದಿಂದ ರಜೆ. ಒಬ್ಬಳಿಗೆ ಏಟಾದರೂ ಎಣಿಕೆ ಮತ್ತೆ ಸೊನ್ನೆಯಿಂದ.

ಯಾವ ಆಸೆಗೆ ನಾವು ಬೀಳುತ್ತೇವೆ ಎಂಬುದು ಆ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು. ನನ್ನ ತಂಗಿ ಆ ರಾತ್ರಿ ಊಟಕ್ಕೆ ಕೂತಾಗ ಬೆರಳು ಮಡಿಸಿ ದಿನ ಎಣಿಸಿದಳು. ಅವಳ ಗಂಡ ಬಿಟ್ಟುಹೋದ ಮೇಲೆ ಅವಳೂ ಮೂರು ವರ್ಷದ ಮಗುವೂ ನನ್ನ ಜೊತೆಗೇ ಇದ್ದಾರೆ. ನಾವಿಬ್ಬರೂ ಕೆಲಸಕ್ಕೆ ಬಂದರೆ ಮಗು ಪಕ್ಕದ ಮನೆಯಲ್ಲಿ.

"ಅಕ್ಕ, ಅದು ಪಕ್ಕದ್ಮನೆಯವಳನ್ನ ಅಮ್ಮ ಅಂತ ಕರೀತಿದೆ," ಅಂದಳು. "ವಾರಕ್ಕೆ ಒಂದು ಮಧ್ಯಾಹ್ನ ಜಾಸ್ತಿ ಸಿಕ್ರೂ ಸಾಕು ನಂಗೆ."

ನಮ್ಮದು ಹೋಟೆಲುಗಳ ಹಾಸಿಗೆ ಹೊದಿಕೆ ಒಗೆದು ಇಸ್ತ್ರಿ ಮಾಡಿಕೊಡುವ ಲಾಂಡ್ರಿ. ನಾನು ರೋಲರ್ ಮುಂದೆ ನಿಲ್ಲುವವಳು. ಒದ್ದೆ ಹೊದಿಕೆಯ ಎರಡು ತುದಿ ಹಿಡಿದು ಕೊಟ್ಟರೆ, ಮಂಚದಷ್ಟು ಉದ್ದದ ಆ ಬಿಸಿ ಉರುಳೆ ಒಳಗೆಳೆದುಕೊಂಡು ಆ ಕಡೆಗೆ ಗರಿಗರಿಯಾಗಿ ಬಿಡುತ್ತದೆ. ಅಲ್ಲಿ ತಂಗಿ ಮಡಚುತ್ತಾಳೆ. ಉರುಳೆಗೆ ಅಡ್ಡಲಾಗಿ ಒಂದು ಕಂಬಿ ಇದೆ. ಕೈ ಅದಕ್ಕೆ ತಾಗಿದರೆ ಯಂತ್ರ ತಟ್ಟನೆ ನಿಲ್ಲಬೇಕು.

ತೊಂಬತ್ತಮೂರನೆಯ ದಿನ ಅದು ನಿಲ್ಲಲಿಲ್ಲ. ತಂಗಿ ಆಗ ಮಡಚಿದ ಹೊದಿಕೆಗಳ ಕಟ್ಟು ಇಟ್ಟುಬರಲು ಒಳಗೆ ಹೋಗಿದ್ದಳು. ಹೊದಿಕೆಯ ಮೂಲೆ ನನ್ನ ಎಡಗೈಗೆ ಸುತ್ತಿಕೊಂಡು ಎಳೆಯಿತು. ಕಂಬಿ ತಾಗಿತು, ಹಿಂದಕ್ಕೂ ಹೋಯಿತು, ಉರುಳೆ ಮಾತ್ರ ತನ್ನ ಪಾಡಿಗೆ ತಿರುಗುತ್ತಲೇ ಇತ್ತು. ಕಾಲಿನಿಂದ ಯಂತ್ರವನ್ನು ಒದ್ದು ಕೈ ಕಿತ್ತುಕೊಂಡೆ. ಮೂರು ಬೆರಳ ತುದಿಯ ಚರ್ಮ ಅಲ್ಲೇ ಉಳಿಯಿತು.

ಕೂಗಲು ಬಾಯಿ ತೆರೆಯುವಷ್ಟರಲ್ಲಿ ಲೀಡರಕ್ಕ ಬಂದು ಅಂಗೈಯಿಂದ ಮುಚ್ಚಿದಳು. ನಮ್ಮ ಪಾಳಿಯನ್ನು ನೋಡಿಕೊಳ್ಳುವವಳು ಅವಳೇ. ನನ್ನನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ಕೈಯನ್ನು ನಲ್ಲಿಯ ಕೆಳಗೆ ಹಿಡಿದಳು.

"ಇನ್ನು ಏಳೇ ದಿನ ಕಣೇ. ಹಲ್ಲು ಕಚ್ಕೊಂಡು ತಡ್ಕೋ."

"ಕಂಬಿ ಕೆಟ್ಟಿದೆ ಅಕ್ಕ. ಫಿಟ್ಟರ್‌ಗಾದ್ರೂ ಹೇಳೋಣ."

"ಹೇಳು. ಹೆಂಗೆ ಗೊತ್ತಾಯ್ತು ಅಂತ ಅವನು ಕೇಳ್ತಾನೆ. ಆಮೇಲೆ ಹದಿಮೂರು ಜನಕ್ಕೆ ಮುಖ ತೋರಿಸ್ತೀಯಾ? ನಿನ್ ತಂಗಿಗೆ ತೋರಿಸ್ತೀಯಾ?"

ತಂಗಿಯ ಹೆಸರೆತ್ತಿದ ಮೇಲೆ ಕೈಯನ್ನು ಲೀಡರಕ್ಕನ ಮುಂದೆ ಚಾಚಿದೆ. ಅವಳು ಸಾಬೂನಿನ ಡಬ್ಬಿಯ ಹಿಂದಿನಿಂದ ಸುಟ್ಟಗಾಯದ ಮುಲಾಮಿನ ಟ್ಯೂಬು ತೆಗೆದು, ಹಚ್ಚಿ, ಬಟ್ಟೆ ಸುತ್ತಿ, ಮೇಲೆ ಕೈಗವಸು ಹಾಕಿದಳು. ಯಾರಾದರೂ ಕೇಳಿದರೆ ಸಾಬೂನಿಗೆ ಕೈ ತುರಿಸುತ್ತದೆ ಅನ್ನಬೇಕಂತೆ. ನೋವಿನಲ್ಲೂ ಒಂದು ವಿಷಯ ಕಣ್ಣಿಗೆ ಬಿತ್ತು. ಆ ಟ್ಯೂಬು ಆಗಲೇ ಅರ್ಧ ಖಾಲಿಯಾಗಿತ್ತು.

ಮನೆಯಲ್ಲಿ, ಒಲೆಯ ಮೇಲಿನ ಪಾತ್ರೆ ಎತ್ತುವಾಗ ಸುಟ್ಟಿತು ಎಂದೆ.

"ಅಡುಗೆ ಮಾಡಿದ್ದು ನಾನಲ್ವಾ ಅಕ್ಕ?" ಎಂದಳು ತಂಗಿ. ಅವಳು ಒಂದು ಗಳಿಗೆ ಕೈಗವಸನ್ನೇ ನೋಡಿದಳು. ಮತ್ತೆ ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೆ, ಸುಳ್ಳೇಕೆ ಹೇಳಲಿ, ನನಗೆ ಸಮಾಧಾನವೇ ಆಯಿತು.

ಆ ಏಳು ದಿನ ಹೇಗೆ ಕಳೆದೆನೋ ನನಗೇ ಗೊತ್ತು. ಉರುಳೆಯ ಹತ್ತಿರ ಹೋದಾಗಲೆಲ್ಲ ಹೊದಿಕೆಯ ತುದಿಯನ್ನು ಬೇಗ ಬಿಟ್ಟುಬಿಡುತ್ತಿದ್ದೆ.

ನೂರನೆಯ ದಿನ ಶುಕ್ರವಾರ. ಸಾಹೇಬರು ಎಲ್ಲರಿಗೂ ಒಂದೊಂದು ಪೊಟ್ಟಣ ಬಿಸ್ಕತ್ತು ಹಂಚಿ ಚಪ್ಪಾಳೆ ಹೊಡೆಸಿದರು. ನಾನು ಬೆರಳು ತಾಗದ ಹಾಗೆ ಎಡ ಮಣಿಕಟ್ಟಿನ ಮೇಲೆ ಬಲಗೈ ಬಡಿಯುತ್ತಿದ್ದೆ. ಹಾಗೆ ಬಡಿಯುವವಳು ನಾನೊಬ್ಬಳೇ ಅಂದುಕೊಂಡಿದ್ದೆ. ಇನ್ನೂ ಇಬ್ಬರಿದ್ದರು. ಅವರಲ್ಲಿ ಒಬ್ಬಳು ಲೀಡರಕ್ಕ. ಅರ್ಧ ಖಾಲಿ ಟ್ಯೂಬಿನ ಲೆಕ್ಕ ಆಗ ಸರಿಹೋಯಿತು.

ಮೂಲೆಯಲ್ಲಿದ್ದ ಫಿಟ್ಟರ್ ತಲೆ ಕೆರೆದುಕೊಂಡು, "ಸಾರ್, ರೋಲರ್ ಬಿಚ್ಚಿ ನೋಡಿ ವರ್ಷದ ಮೇಲಾಯ್ತು. ಒಂದಿನ ನಿಲ್ಸಿದ್ರೆ..." ಎಂದ.

"ಅಲ್ಲಿ ನೋಡಪ್ಪ," ಸಾಹೇಬರು ಬೋರ್ಡಿನ ಕಡೆ ಕೈ ತೋರಿಸಿದರು. "ನೂರು ದಿನ ಒಬ್ಬರಿಗೂ ಒಂದು ಗೀರೂ ಆಗಿಲ್ಲ. ಚೆನ್ನಾಗಿರೋದನ್ನ ಯಾಕೆ ಬಿಚ್ತೀಯಾ?"

ಆಮೇಲೆ ನನ್ನನ್ನು ಮುಂದೆ ಕರೆದರು. ರೋಲರ್ ಮುಂದೆಯೇ ಇದ್ದು ನೂರು ದಿನ ಸುರಕ್ಷಿತವಾಗಿ ದುಡಿದವಳೆಂದು ಎದೆಗೆ ಹಸಿರು ಬಿಲ್ಲೆ ಚುಚ್ಚಿದರು. ಇನ್ನು ಮೇಲೆ ಪ್ರತಿದಿನ ಅಂಕಿ ಬದಲಾಯಿಸುವವಳು ನಾನಂತೆ. ಎಣಿಕೆ ನಡೆಯುವಷ್ಟು ದಿನ ರಜೆ ಇರುತ್ತದೆ, ಸೊನ್ನೆಯಾದ ದಿನ ರಜೆ ವಾಪಸ್ಸಂತೆ. ಸೋಮವಾರದಿಂದ ನಾನು ಬಟ್ಟೆ ಎಣಿಸುವ ಮೇಜಿಗೆ.

"ರೋಲರ್‌ಗೆ ನಿನ್ನ ತಂಗಿ ನಿಲ್ಲಲಿ," ಎಂದು ನಕ್ಕರು. "ಅಕ್ಕನ ಕೈಗುಣ ತಂಗಿಗೂ ಇರುತ್ತೆ."

ಎಲ್ಲರೂ ಮತ್ತೆ ಚಪ್ಪಾಳೆ ಹೊಡೆದರು.

ಶನಿವಾರ ಮಧ್ಯಾಹ್ನ ತಂಗಿ ಮಗುವಿನ ತಲೆ ಬಾಚಿ, ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಾನೂ ನಿದ್ದೆ ಹೋದಳು. ಅವಳು ಹಗಲು ನಿದ್ದೆ ಮಾಡಿದ್ದನ್ನು ನಾನು ನೋಡಿದ್ದೇ ಇಲ್ಲ. ಭಾನುವಾರದ ತನಕ ಹೇಳಲಾಗದೆ ಒದ್ದಾಡಿದೆ. ಕೊನೆಗೆ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಬೆರಳು ತೋರಿಸಿದೆ.

"ನಂಗೆ ಗೊತ್ತಿತ್ತು," ಎಂದಳು. "ನಾನು ಹುಷಾರಾಗಿರ್ತೀನಿ ಬಿಡು."

"ನಾನೂ ಹುಷಾರಾಗೇ ಇದ್ದೆ."

"ಶನಿವಾರ ಹೋಗುತ್ತೆ ಅಕ್ಕ." ಅವಳ ಕಣ್ಣಲ್ಲಿ ನೀರಿತ್ತು. "ನಿನ್ ಕಾಲು ಹಿಡ್ಕೋತೀನಿ, ಹೇಳ್ಬೇಡ."

ಸೋಮವಾರ ಬೆಳಿಗ್ಗೆ ಸ್ಟೂಲು ಹತ್ತಿದೆ. ಕೈಯಲ್ಲಿ ಎರಡರ ತಗಡಿತ್ತು; ಭಾನುವಾರ ಎಣಿಕೆಗಿಲ್ಲ, ಅಂದು ನೂರ ಎರಡು. ತಂಗಿ ತೋಳು ಮಡಿಸಿಕೊಂಡು ರೋಲರ್ ಮುಂದೆ ನಿಂತಿದ್ದಳು. ಉರುಳೆ ಆಗಲೇ ಕಾದು, ಸುತ್ತ ಹಬೆ ಏಳುತ್ತಿತ್ತು. ಅವಳು ಮೊದಲ ಹೊದಿಕೆಯ ತುದಿ ಹಿಡಿದು ನನ್ನ ಕಡೆ ತಿರುಗಿ, ಬೇಡ ಎಂದು ತಲೆಯಾಡಿಸಿದಳು.

ನಾನು ಮೂರೂ ಮೊಳೆಗೆ ಸೊನ್ನೆ ತಗುಲಿಸಿದೆ. ಸ್ಟೂಲಿನ ಮೇಲೇ ನಿಂತು ಕೈಗವಸು ಕಿತ್ತು ಹಾಕಿದೆ.

"ಯಾವಾಗ ಆಯ್ತು ಇದು?" ಸಾಹೇಬರು ಓಡಿಬಂದು ಕೇಳಿದರು.

"ಹನ್ನೊಂದು ದಿನ ಆಯ್ತು."

"ಮತ್ತೆ ಯಾರಿಗಾಗಿದೆ?"

ಲೀಡರಕ್ಕ ನೆಲ ನೋಡುತ್ತಿದ್ದಳು. "ನಂಗೊಬ್ಬಳಿಗೇ," ಎಂದೆ.

ಫಿಟ್ಟರ್ ರೋಲರ್ ಬಿಚ್ಚಿದ. ಕಂಬಿಯ ಒಳಗಿನ ಸ್ಪ್ರಿಂಗು ಮುರಿದಿತ್ತು, ಮುರಿದ ಜಾಗಕ್ಕೂ ತುಕ್ಕು ಹಿಡಿದಿತ್ತು. ಮಧ್ಯಾಹ್ನದೊಳಗೆ ಹೊಸದು ಹಾಕಿದ. ಅಷ್ಟೇ ಕೆಲಸ ಅದು. ಅಪಘಾತ ಮುಚ್ಚಿಟ್ಟದ್ದಕ್ಕೆ ನನಗೆ ಎಚ್ಚರಿಕೆಯ ಕಾಗದ ಕೊಟ್ಟು, ಬಿಲ್ಲೆ ವಾಪಸ್ ತೆಗೆದುಕೊಂಡು, ಮಡಚುವ ಕಡೆಗೆ ಹಾಕಿದರು. ಈಗ ರೋಲರಿನ ಆ ಕಡೆ ತಂಗಿ, ಈ ಕಡೆ ನಾನು. ಕೆಲಸ ಬಿಟ್ಟು ಎಲ್ಲಿಗೆ ಹೋಗಲಿ? ನಮ್ಮಿಬ್ಬರ ದುಡಿಮೆಯಲ್ಲೇ ಮನೆ ನಡೆಯಬೇಕು.

ಇವತ್ತು ಶನಿವಾರ. ಬೋರ್ಡಿನಲ್ಲಿ ಐದು. ಒಂದು ಗಂಟೆಯಾದರೂ ಯಾರೂ ಮನೆಗೆ ಹೋಗಲಿಲ್ಲ, ಯಾರೂ ನನ್ನನ್ನು ಮಾತಾಡಿಸಲಿಲ್ಲ. ಕೈ ತೊಳೆಯಲು ಬಚ್ಚಲಿಗೆ ಹೋದೆ. ಸಾಬೂನಿನ ಡಬ್ಬಿಯ ಹಿಂದೆ ಮುಲಾಮಿನ ಹೊಸ ಟ್ಯೂಬಿತ್ತು, ಮುಚ್ಚಳದ ಸೀಲನ್ನೂ ಒಡೆದಿರಲಿಲ್ಲ.

ಊಟದ ಕೋಣೆಯಲ್ಲಿ ತಂಗಿ ನನ್ನ ಡಬ್ಬಿಯ ಪಕ್ಕದಿಂದ ತನ್ನದನ್ನು ಎತ್ತಿಕೊಂಡು ಆಚೆ ಮೇಜಿಗೆ ಹೋಗಿ, ಪಕ್ಕದ ಗೋಡೆಗೆ ಮುಖ ಮಾಡಿ ಕೂತಳು. ಎಡಗೈಯಲ್ಲಿ ಡಬ್ಬಿ ಹಿಡಿದು ಬಲಗೈಯಲ್ಲಿ ತುತ್ತು ಕಲಸುತ್ತಿದ್ದಳು. ನಾನು ಕೂತಲ್ಲಿಂದಲೇ ಕತ್ತು ಚಾಚಿ ಅವಳ ಬೆರಳು ಎಣಿಸಿದೆ. ಹತ್ತೂ ಇದ್ದವು. ಇನ್ನೊಮ್ಮೆ ಎಣಿಸಿ ನನ್ನ ಡಬ್ಬಿ ತೆರೆದೆ.